ಒಬ್ಬನೇ ರೈತ ಮೂರು ಸಾಲಾಗಿ ಬಂದರೆ: ಜಾಂಗೊದಲ್ಲಿ ಸಂಬಂಧಿತ ಮಾಡೆಲ್‌ಗಳ ಕ್ವೆರಿ

ಪ್ರಶ್ನೆ: ಮೇಡಂ, ನಮಸ್ಕಾರ್ರಿ. ನಾನು ಬ್ಯಾಡಗಿಯವನು. ಇಲ್ಲಿನ ಮೂರು ದಲಾಲಿ ಅಂಗಡಿಗಳಿಗಾಗಿ ಜಾಂಗೊ ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ (ಪೈಥಾನ್ ಭಾಷೆಯ ವೆಬ್ ಸಾಧನ) ಒಂದು ಎಪಿಐ, ಅಂದರೆ ಬೇರೆ ಪ್ರೋಗ್ರಾಂಗಳಿಗೆ ಮಾಹಿತಿ ಕೊಡುವ ಸೇವೆ, ಬರೆದಿದ್ದೇನೆ. ರೈತ, ಅವನು ತಂದ ಮೆಣಸಿನಕಾಯಿ ಲಾಟ್‌ಗಳು, ಪ್ರತಿ ಲಾಟ್‌ಗೆ ಖರೀದಿದಾರರು ಹಾಕಿದ ಬಿಡ್‌ಗಳು, ಇವೇ ಮುಖ್ಯ ಮಾಡೆಲ್‌ಗಳು (ಡೇಟಾಬೇಸ್ ಟೇಬಲ್‌ಗಳು). ‘ಕಡ್ಡಿ ತಳಿ, ಕ್ವಿಂಟಲ್‌ಗೆ 25,000 ಮೇಲಿನ ಬಿಡ್’ ಎಂದು ಹುಡುಕಿದರೆ ಒಬ್ಬನೇ ರೈತ ಮೂರು ಸಲ ಬರುತ್ತಾನೆ. ಕಡ್ಡಿಗೆ ಅಷ್ಟು ದರ ಸಿಗದವನೂ ಕೆಲವೊಮ್ಮೆ ಪಟ್ಟಿಯಲ್ಲಿರುತ್ತಾನೆ. ಒಟ್ಟು ತೂಕ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಮಾರುಕಟ್ಟೆ ದಿನ ಪಟ್ಟಿ ತೆರೆಯಲು ಬಹಳ ಹೊತ್ತು ಬೇಕು. ಒಂದೇ ತೆರನ ಸಾಲುಗಳನ್ನು ತೆಗೆಯುವ ಡಿಸ್ಟಿಂಕ್ಟ್ ಹಾಕಿ ನೋಡಿದೆ, ಸಾಲು ಕಡಿಮೆಯಾದವು, ತೂಕ ಸರಿಹೋಗಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಎಲ್ಲಿ ತಪ್ಪಿದೆ?

ಉತ್ತರ: ನೀವು ಹೇಳಿದ ತೊಂದರೆಗಳು ನಾಲ್ಕಾದರೂ ಬೇರು ಒಂದೇ. ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ: ಈ ಉತ್ತರದಲ್ಲಿ ಒಂದು ಸಾಲು ಎಂದರೆ ಯಾವುದು? ಒಬ್ಬ ರೈತನೋ, ಒಂದು ಲಾಟೋ, ಒಂದು ಬಿಡ್ಡೋ? ನಿಮ್ಮ ಮನಸ್ಸಿನಲ್ಲಿ ಒಂದು ಸಾಲು ಒಬ್ಬ ರೈತ. ಡೇಟಾಬೇಸ್‌ಗೆ ನೀವು ಕೊಟ್ಟ ಕ್ವೆರಿಯಲ್ಲಿ ಒಂದು ಸಾಲು ಒಂದು ಬಿಡ್. ಜಾಂಗೊದ ಎರಡು ಅಂಡರ್‌ಸ್ಕೋರ್ ಬರವಣಿಗೆ ಎಷ್ಟು ಸಲೀಸಾಗಿದೆಯೆಂದರೆ, ಒಂದೇ ಸಾಲಿನಲ್ಲಿ ರೈತನಿಂದ ಲಾಟ್‌ಗೆ, ಲಾಟ್‌ನಿಂದ ಬಿಡ್‌ಗೆ ಹಾರಿಬಿಡಬಹುದು. ಹಾಗೆ ಹಾರಿದಾಗಲೆಲ್ಲ ಕೆಳಗೆ ಒಂದು ಜಾಯಿನ್, ಅಂದರೆ ಎರಡು ಟೇಬಲ್‌ಗಳ ಜೋಡಣೆ, ನಡೆಯುತ್ತದೆ, ಮತ್ತು ಒಂದರಿಂದ ಹಲವಕ್ಕೆ ಹೋಗುವ ಜಾಯಿನ್ ಸಾಲುಗಳನ್ನು ಹೆಚ್ಚಿಸುತ್ತದೆ.

ಮುಂದೆ ಕೋಡ್‌ನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ರೈತನಿಂದ ಲಾಟ್‌ಗಳಿಗೆ ಹೋಗುವ ರಿಲೇಟೆಡ್ ನೇಮ್ ‘ಲಾಟ್ಸ್’, ಲಾಟ್‌ನಿಂದ ಬಿಡ್‌ಗಳಿಗೆ ಹೋಗುವುದು ‘ಬಿಡ್ಸ್’ ಎಂದುಕೊಳ್ಳಿ.

ತೂಕದಿಂದ ಶುರು ಮಾಡುತ್ತೇನೆ. ಪಟ್ಟಿ ನಿಧಾನವಾದರೆ ಜನ ಕಾಯುತ್ತಾರೆ, ಹೆಸರು ಎರಡು ಸಲ ಬಂದರೆ ಕಣ್ಣಿಗೆ ಬೀಳುತ್ತದೆ. ತಪ್ಪು ಮೊತ್ತ ಮಾತ್ರ ಸರಿಯಾದ ಮೊತ್ತದಂತೆಯೇ ಕಾಣುತ್ತದೆ. ಅದೂ ಬ್ಯಾಡಗಿಯಂಥ ಊರಿನಲ್ಲಿ. 2024ರ ಮಾರ್ಚ್‌ನಲ್ಲಿ ದರ ಕುಸಿದ ದಿನ ಅಲ್ಲಿನ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೀವು ನನಗಿಂತ ಹತ್ತಿರದಿಂದ ಬಲ್ಲಿರಿ. ರೈತ ಅಲ್ಲಿ ಪರದೆಯ ಮೇಲಿನ ಅಂಕಿಯನ್ನು ನಂಬಿ ನಿಂತಿರುತ್ತಾನೆ.

ಒಬ್ಬ ರೈತ ಎರಡು ಲಾಟ್ ತಂದಿದ್ದಾನೆ: ಒಂದು 300 ಕಿಲೋ, ಇನ್ನೊಂದು 200 ಕಿಲೋ. ಮೊದಲನೆಯದಕ್ಕೆ ಮೂರು ಬಿಡ್, ಎರಡನೆಯದಕ್ಕೆ ಎರಡು. ನೀವು ಬರೆದಿರುವ ಕ್ವೆರಿ ಬಹುತೇಕ ಹೀಗಿರಬೇಕು:

ರೈತ.ಆಬ್ಜೆಕ್ಟ್ಸ್.ಆನೋಟೇಟ್(ಒಟ್ಟು_ತೂಕ=ಸಮ್('ಲಾಟ್ಸ್__ತೂಕ'), ಬಿಡ್_ಸಂಖ್ಯೆ=ಕೌಂಟ್('ಲಾಟ್ಸ್__ಬಿಡ್ಸ್'))

ಬಿಡ್ ಎಣಿಸಬೇಕೆಂದು ನೀವು ಕೇಳಿದ್ದರಿಂದ ಜಾಯಿನ್ ಬಿಡ್‌ವರೆಗೂ ಹೋಯಿತು. ಈಗ ಕೈಯಲ್ಲಿರುವುದು ಐದು ಸಾಲು. 300 ಮೂರು ಸಲ, 200 ಎರಡು ಸಲ. ಕೂಡಿದರೆ 1,300 ಕಿಲೋ. ನಿಜವಾದ ತೂಕ 500. ಕ್ವಿಂಟಲ್‌ಗೆ 25,000 ರೂಪಾಯಿ ಹಿಡಿದರೆ 1,25,000 ಆಗಬೇಕಾದದ್ದು 3,25,000 ಆಗುತ್ತದೆ. ಪಟ್ಟಿ ಬರೆಯುವ ಗುಮಾಸ್ತ ಬಿಡ್ ಬಂದಾಗಲೆಲ್ಲ ಅದೇ ಚೀಲಗಳ ತೂಕವನ್ನು ಮತ್ತೊಮ್ಮೆ ಬರೆದುಕೊಂಡು, ಕೊನೆಗೆ ಎಲ್ಲ ಕೂಡಿಸಿದಂತೆ.

ಡಿಸ್ಟಿಂಕ್ಟ್ ಯಾಕೆ ಕೆಲಸ ಮಾಡಲಿಲ್ಲ ಎನ್ನುವುದೂ ಇಲ್ಲೇ ತಿಳಿಯುತ್ತದೆ. ಆನೋಟೇಟ್ ಮಾಡಿದಾಗ, ಅಂದರೆ ಪ್ರತಿ ರೈತನಿಗೂ ಲೆಕ್ಕವೊಂದನ್ನು ಸೇರಿಸಿದಾಗ, ಡೇಟಾಬೇಸ್ ಐದು ಸಾಲುಗಳನ್ನು ಕೂಡಿಸಿ ರೈತನಿಗೊಂದು ಸಾಲು ಮಾಡಿ ಮುಗಿಸಿರುತ್ತದೆ. ಡಿಸ್ಟಿಂಕ್ಟ್ ಬರುವುದು ಅದಾದ ಮೇಲೆ. ಆಗ ಅದರ ಮುಂದೆ ಒಬ್ಬ ರೈತ, ಒಂದು ಸಾಲು, ತೂಕ 1,300. ತೆಗೆಯಲು ಏನೂ ಉಳಿದಿರುವುದಿಲ್ಲ.

‘ಸಮ್ ಒಳಗೇ ಡಿಸ್ಟಿಂಕ್ಟ್=ಟ್ರೂ ಹಾಕಿದರೆ?’ ಎಂದು ಹುಬ್ಬಳ್ಳಿಯಲ್ಲಿ ಇಂಥ ಸಾಫ್ಟ್‌ವೇರ್ ಬರೆಯುವ ಹುಡುಗರು ನನ್ನನ್ನು ಕೇಳುವುದುಂಟು. ಕೌಂಟ್‌ಗೆ ಅದು ಸರಿ: ಅಲ್ಲಿ ಎಣಿಸುವುದು ಪ್ರೈಮರಿ ಕೀ, ಅಂದರೆ ಸಾಲಿನ ಗುರುತಿನ ಸಂಖ್ಯೆ; ಅದು ಎರಡು ಲಾಟ್‌ಗೆ ಒಂದೇ ಇರಲು ಸಾಧ್ಯವಿಲ್ಲ. ಸಮ್‌ಗೆ ಅದು ಅಪಾಯ. ರೈತನ ಎರಡು ಲಾಟ್‌ಗಳೂ 300 ಕಿಲೋ ತೂಗಿದರೆ ಡಿಸ್ಟಿಂಕ್ಟ್ ಒಂದು 300 ಅನ್ನು ನುಂಗಿಬಿಡುತ್ತದೆ, ರೈತನಿಗೆ 600ರ ಬದಲು 300 ಸಿಗುತ್ತದೆ. ಮೊದಲು ಹೆಚ್ಚು ತೋರಿಸುತ್ತಿದ್ದ ಕೋಡ್ ಈಗ ಕಡಿಮೆ ತೋರಿಸುತ್ತದೆ, ಅದೂ ಎಲ್ಲೋ ಕೆಲವರಿಗೆ ಮಾತ್ರ. ಹುಡುಕಲು ಇದಕ್ಕಿಂತ ಕಷ್ಟದ ತಪ್ಪು ಇನ್ನೊಂದಿಲ್ಲ.

ಸರಿಯಾದ ದಾರಿ ಸಬ್‌ಕ್ವೆರಿ, ಅಂದರೆ ಕ್ವೆರಿಯೊಳಗಿನ ಕ್ವೆರಿ. ಪ್ರತಿ ಮೊತ್ತವನ್ನೂ ಅದರದೇ ಟೇಬಲ್‌ನಲ್ಲಿ ಬೇರೆಯಾಗಿ ಕೂಡಿಸಿ, ಉತ್ತರವನ್ನಷ್ಟೇ ರೈತನ ಸಾಲಿಗೆ ತಂದು ಅಂಟಿಸಬೇಕು (ಔಟರ್‌ರೆಫ್ ಹೊರಗಿನ ಕ್ವೆರಿಯ ರೈತನನ್ನು ಸೂಚಿಸುತ್ತದೆ, ಪಿಕೆ ಎಂದರೆ ಪ್ರೈಮರಿ ಕೀ):

ತೂಕ_ಮೊತ್ತ = ಲಾಟ್.ಆಬ್ಜೆಕ್ಟ್ಸ್.ಫಿಲ್ಟರ್(ರೈತ=ಔಟರ್‌ರೆಫ್('ಪಿಕೆ')).ಆರ್ಡರ್_ಬೈ().ವ್ಯಾಲ್ಯೂಸ್('ರೈತ').ಆನೋಟೇಟ್(ಮೊತ್ತ=ಸಮ್('ತೂಕ')).ವ್ಯಾಲ್ಯೂಸ್('ಮೊತ್ತ')

ರೈತ.ಆಬ್ಜೆಕ್ಟ್ಸ್.ಆನೋಟೇಟ್(ಒಟ್ಟು_ತೂಕ=ಸಬ್‌ಕ್ವೆರಿ(ತೂಕ_ಮೊತ್ತ))

ನಡುವೆ ಖಾಲಿ ಆರ್ಡರ್_ಬೈ ಹಾಕಿರುವುದಕ್ಕೆ ಕಾರಣವಿದೆ. ಜಾಂಗೊ 3.1ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಮಾಡೆಲ್‌ನ ಮೆಟಾದಲ್ಲಿ ಬರೆದ ಆರ್ಡರಿಂಗ್ (ಜೋಡಿಸುವ ಕ್ರಮ), ಗುಂಪು ಮಾಡುವ ಗ್ರೂಪ್ ಬೈ ಒಳಗೆ ಸೇರಿಕೊಂಡು ಗುಂಪನ್ನು ಒಡೆಯುತ್ತಿತ್ತು. ಹೊಸದರಲ್ಲಿ ಆ ಕಾಟವಿಲ್ಲ. ಆದರೂ ಕ್ವೆರಿಯಲ್ಲೇ ಬೇರೆ ಯಾರೋ ಆರ್ಡರ್ ಹಾಕಿದ್ದರೆ ಅದು ಒಳಬರುತ್ತದೆ, ಹಾಗಾಗಿ ಖಾಲಿ ಆರ್ಡರ್_ಬೈ ಅಭ್ಯಾಸ ಒಳ್ಳೆಯದು. ಲಾಟ್ ಇಲ್ಲದ ರೈತನಿಗೆ ಸಬ್‌ಕ್ವೆರಿ ಸೊನ್ನೆ ಕೊಡುವುದಿಲ್ಲ, ನನ್ (ಬೆಲೆಯೇ ಇಲ್ಲ ಎಂಬ ಗುರುತು) ಕೊಡುತ್ತದೆ. ಖಾಲಿ ಇದ್ದಲ್ಲಿ ಬೇರೆ ಬೆಲೆ ತುಂಬುವ ಕೋಆಲೆಸ್‌ನಿಂದ ಅದನ್ನು ಸೊನ್ನೆ ಮಾಡಿ, ಆ ಸೊನ್ನೆಗೂ ಡೆಸಿಮಲ್ ಫೀಲ್ಡ್ ಎಂದು ಔಟ್‌ಪುಟ್ ಫೀಲ್ಡ್ ಹೇಳಿ. ಇಲ್ಲವಾದರೆ ಎರಡು ಬಗೆಯ ಅಂಕಿ ಬೆರೆತವು ಎಂದು ಜಾಂಗೊ ತಕರಾರು ತೆಗೆಯುತ್ತದೆ. ತೂಕ, ದರ, ಹಣಕ್ಕೆ ನೀವು ಅಂಕಿಯನ್ನು ಅಂದಾಜಾಗಿ ಇಡುವ ಫ್ಲೋಟ್ ಫೀಲ್ಡ್ ಬಳಸಿದ್ದರೆ ದಯವಿಟ್ಟು ಇವತ್ತೇ ನಿಖರವಾದ ಡೆಸಿಮಲ್‌ಗೆ ಬದಲಿಸಿ.

ಒಂದೇ ಟೇಬಲ್‌ನ ಮೇಲೆ ಹಲವು ಮೊತ್ತ ಬೇಕಿದ್ದಾಗ, ಉದಾಹರಣೆಗೆ ಡಬ್ಬಿ ತಳಿಯ ತೂಕ ಬೇರೆ, ಕಡ್ಡಿ ತೂಕ ಬೇರೆ, ಸಬ್‌ಕ್ವೆರಿ ಬೇಡ. ಜಾಯಿನ್ ಲಾಟ್‌ವರೆಗೆ ಮಾತ್ರ ಹೋಗುವುದರಿಂದ ಒಂದು ಲಾಟ್ ಒಂದೇ ಸಲ ಬರುತ್ತದೆ; ಸಮ್ ಒಳಗೆ ಫಿಲ್ಟರ್=ಕ್ಯೂ(...) ಎಂದು ಷರತ್ತು ಕೊಟ್ಟರೆ ಸಾಕು. ಜಾಂಗೊ 2.0ರಿಂದ ಈ ಸೌಲಭ್ಯ ಇದೆ.

ಈಗ ಮೂರು ಸಲ ಬರುವ ರೈತ. ನಿಮ್ಮ ಫಿಲ್ಟರ್ (ಜಿಟಿಇ ಎಂದರೆ ‘ಅಷ್ಟು ಅಥವಾ ಹೆಚ್ಚು’):

ರೈತ.ಆಬ್ಜೆಕ್ಟ್ಸ್.ಫಿಲ್ಟರ್(ಲಾಟ್ಸ್__ತಳಿ='ಕಡ್ಡಿ', ಲಾಟ್ಸ್__ಬಿಡ್ಸ್__ದರ__ಜಿಟಿಇ=25000)

ಮೂರು ಬಿಡ್ 25,000 ದಾಟಿದ್ದರೆ ಮೂರು ಸಾಲು. ಇಲ್ಲಿ ಡಿಸ್ಟಿಂಕ್ಟ್ ಮೇಲ್ನೋಟಕ್ಕೆ ಕೆಲಸ ಮಾಡುತ್ತದೆ. ಆದರೆ ನಾಳೆ ಯಾರೋ ‘ದರದ ಪ್ರಕಾರ ಜೋಡಿಸಿ’ ಎಂದು ಕೇಳಿ, ನೀವು ಬಿಡ್‌ನ ದರದ ಮೇಲೆ ಆರ್ಡರ್_ಬೈ ಹಾಕಿದಿರಿ ಎನ್ನಿ. ಜೋಡಿಸುವ ಕಾಲಮ್ ಸೆಲೆಕ್ಟ್ ಒಳಗೆ ಸೇರಲೇಬೇಕು, ಆಗ ದರ ಬೇರೆ ಬೇರೆ ಇರುವ ಸಾಲುಗಳು ಡಿಸ್ಟಿಂಕ್ಟ್ ಕಣ್ಣಿಗೆ ಬೇರೆ ಬೇರೆಯೇ. ರೈತ ಮತ್ತೆ ಮೂರು ಸಲ ಬಂದು ಕೂರುತ್ತಾನೆ. ಡಿಸ್ಟಿಂಕ್ಟ್ ಎಂದರೆ ಮೊದಲು ಸಾಲು ಹೆಚ್ಚಿಸಿ ಆಮೇಲೆ ಅಳಿಸುವ ಕೆಲಸ. ಹೆಚ್ಚಿಸದೇ ಇರುವುದು ಮೇಲು. ನಿಮಗೆ ಬೇಕಿರುವುದು ‘ಇಂಥ ಬಿಡ್ ಒಂದಾದರೂ ಇರುವ ರೈತ’. ಅದನ್ನು ಹಾಗೆಯೇ ಬರೆಯಬಹುದು:

ಇದೆ = ಬಿಡ್.ಆಬ್ಜೆಕ್ಟ್ಸ್.ಫಿಲ್ಟರ್(ಲಾಟ್__ರೈತ=ಔಟರ್‌ರೆಫ್('ಪಿಕೆ'), ಲಾಟ್__ತಳಿ='ಕಡ್ಡಿ', ದರ__ಜಿಟಿಇ=25000)

ರೈತ.ಆಬ್ಜೆಕ್ಟ್ಸ್.ಫಿಲ್ಟರ್(ಎಕ್ಸಿಸ್ಟ್ಸ್(ಇದೆ))

ಎಕ್ಸಿಸ್ಟ್ಸ್ ಒಂದು ಬಿಡ್ ಸಿಕ್ಕೊಡನೆ ಹುಡುಕಾಟ ನಿಲ್ಲಿಸಬಹುದು. ಸಾಲು ಕೊನೆಯವರೆಗೂ ರೈತನದೇ. ಹಾಗಾಗಿ ಇದರ ಮೇಲೆ ಆರ್ಡರ್ ಹಾಕಿ, ಪುಟ ಮಾಡಿ, ಮೊತ್ತ ಅಂಟಿಸಿ, ಏನೂ ಕೆಡುವುದಿಲ್ಲ. ಪುಟ ಮಾಡುವಾಗ ಆರ್ಡರ್‌ನ ಕೊನೆಗೆ ಪಿಕೆ ಸೇರಿಸುವುದನ್ನು ಮರೆಯಬೇಡಿ. ಒಂದೇ ಹೆಸರಿನ ಇಬ್ಬರು ರೈತರು ಹಾವೇರಿ ಜಿಲ್ಲೆಯಲ್ಲಿ ಅಪರೂಪವಲ್ಲ. ಹೆಸರಿನ ಮೇಲಷ್ಟೇ ಜೋಡಿಸಿದರೆ ಒಬ್ಬ ಎರಡು ಪುಟಗಳಲ್ಲೂ ಕಾಣಿಸಿ ಇನ್ನೊಬ್ಬ ಎಲ್ಲೂ ಕಾಣಿಸದೇ ಹೋಗಬಹುದು.

‘ಕಡ್ಡಿಗೆ ಅಷ್ಟು ದರ ಸಿಗದವನೂ ಬರುತ್ತಾನೆ’ ಎಂದಿರಲ್ಲ, ಅದು ಇನ್ನೊಂದು ಸೂಕ್ಷ್ಮ. ಹಲವನ್ನು ಹಿಡಿದಿರುವ ಸಂಬಂಧದ ಮೇಲೆ ಎರಡು ಷರತ್ತುಗಳನ್ನು ಒಂದೇ ಫಿಲ್ಟರ್‌ನಲ್ಲಿ ಬರೆದರೆ, ಎರಡನ್ನೂ ಒಂದೇ ಲಾಟ್ ಪೂರೈಸಬೇಕು. ಫಿಲ್ಟರ್ ಮುಂದೆ ಇನ್ನೊಂದು ಫಿಲ್ಟರ್ ಜೋಡಿಸಿದರೆ ಅರ್ಥ ಬದಲಾಗುತ್ತದೆ: ಯಾವುದೋ ಒಂದು ಲಾಟ್ ಕಡ್ಡಿ ಇರಬೇಕು, ಯಾವುದೋ ಒಂದು ಲಾಟ್‌ಗೆ 25,000 ಬಂದಿರಬೇಕು. ಡಬ್ಬಿಗೆ 30,000 ಬಂದು, ಕಡ್ಡಿಗೆ 18,000 ಬಂದ ರೈತ ಇದರಲ್ಲಿ ಸಲೀಸಾಗಿ ಒಳಬರುತ್ತಾನೆ. ‘ನಾನು ಒಂದೇ ಫಿಲ್ಟರ್ ಬರೆದಿದ್ದೇನಲ್ಲ’ ಎನ್ನಬಹುದು. ನೀವು ಜಾಂಗೊ ಫಿಲ್ಟರ್ ಪ್ಯಾಕೇಜ್‌ನ ಫಿಲ್ಟರ್‌ಸೆಟ್ ಬಳಸುತ್ತಿದ್ದರೆ, ಯುಆರ್‌ಎಲ್‌ನಲ್ಲಿ ಬಂದ ಪ್ರತಿ ಪ್ಯಾರಾಮೀಟರ್‌ಗೂ ಅದು ಒಂದೊಂದು ಫಿಲ್ಟರ್ ಸರಣಿಯಾಗಿ ಹಚ್ಚುತ್ತಾ ಹೋಗುತ್ತದೆ. ತಳಿ ಒಂದು ಪ್ಯಾರಾಮೀಟರ್, ಕನಿಷ್ಠ ದರ ಇನ್ನೊಂದು. ಎರಡೂ ಬೇರೆ ಬೇರೆ ಲಾಟ್‌ಗಳ ಮೇಲೆ ಕೂರುತ್ತವೆ. ನಿಮ್ಮಲ್ಲಿ ಆಗಿರುವುದು ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಫಿಲ್ಟರ್‌ಸೆಟ್‌ನ ಫಿಲ್ಟರ್_ಕ್ವೆರಿಸೆಟ್ ಮೆಥಡ್ ಅನ್ನು ನೀವೇ ಬರೆದು, ಲಾಟ್‌ಗೆ ಸೇರಿದ ಷರತ್ತುಗಳನ್ನೆಲ್ಲ ಒಟ್ಟು ಮಾಡಿ ಮೇಲಿನಂಥ ಒಂದೇ ಎಕ್ಸಿಸ್ಟ್ಸ್‌ಗೆ ಕೊಡಿ.

ಷರತ್ತಿಗೆ ಹೊಂದುವವರನ್ನು ಕೈಬಿಡುವ ಎಕ್ಸ್‌ಕ್ಲೂಡ್ ಇನ್ನೂ ಮೋಸದ್ದು. ‘ಡಬ್ಬಿಗೆ 20,000ಕ್ಕಿಂತ ಕಡಿಮೆ ಬಂದ ರೈತರನ್ನು ಬಿಡು’ ಎಂದು ಎರಡು ಷರತ್ತನ್ನು ಒಂದೇ ಎಕ್ಸ್‌ಕ್ಲೂಡ್‌ನಲ್ಲಿ ಬರೆದರೂ, ಅವು ಒಂದೇ ಲಾಟ್‌ಗೆ ಅನ್ವಯಿಸುತ್ತವೆ ಎಂಬ ಖಾತ್ರಿ ಇಲ್ಲ. ಜಾಂಗೊದ ದಾಖಲೆಯೇ ಇದನ್ನು ಹೇಳುತ್ತದೆ. ಇಲ್ಲಿಯೂ ಎಕ್ಸಿಸ್ಟ್ಸ್ ಬರೆದು ಅದರ ಮುಂದೆ ನಿರಾಕರಣೆಯ ಟಿಲ್ಡೆ (~) ಚಿಹ್ನೆ ಹಾಕಿ.

ನೀವು ಕೇಳಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ ಎಂಬ ಮಾತು ಒಂದಿದೆ. ಕಡ್ಡಿ ತಂದ ರೈತರನ್ನು ಸರಿಯಾಗಿ ಆರಿಸಿದ ಮೇಲೂ, ಎಪಿಐ ಕಳಿಸುವ ಜೇಸನ್ ಉತ್ತರದಲ್ಲಿ ಅವರ ಕೆಳಗೆ ಡಬ್ಬಿ, ಗುಂಟೂರು ಎಲ್ಲ ಲಾಟ್‌ಗಳೂ ಬರುತ್ತವೆ. ರೈತನನ್ನು ಆರಿಸುವುದು ಬೇರೆ, ಅವನ ಕೆಳಗೆ ಯಾವ ಲಾಟ್ ತೋರಿಸಬೇಕು ಎನ್ನುವುದು ಬೇರೆ. ಎರಡನೆಯದನ್ನು ಹೇಳುವ ಜಾಗ ಸಂಬಂಧಿತ ಸಾಲುಗಳನ್ನು ಮೊದಲೇ ತಂದಿಡುವ ಪ್ರಿಫೆಚ್ ಆಬ್ಜೆಕ್ಟ್, ಮತ್ತು ಅದೇ ನಿಮ್ಮ ನಿಧಾನದ ತೊಂದರೆಗೂ ಮದ್ದು.

ಪುಟಕ್ಕೆ 50 ರೈತರು, ಒಬ್ಬರಿಗೆ ನಾಲ್ಕು ಲಾಟ್, ಲಾಟ್‌ಗೆ ಮೂರು ಬಿಡ್ ಎಂದು ಹಿಡಿಯೋಣ. ಏನೂ ಹೇಳದೆ ನೆಸ್ಟೆಡ್ ಸೀರಿಯಲೈಸರ್ (ರೈತನೊಳಗೆ ಲಾಟ್, ಲಾಟ್‌ನೊಳಗೆ ಬಿಡ್ ಇಟ್ಟು ಜೇಸನ್ ಮಾಡುವ ಕೋಡ್) ಬರೆದರೆ: ರೈತರಿಗೆ ಒಂದು ಕ್ವೆರಿ, ಪ್ರತಿ ರೈತನ ಲಾಟ್‌ಗಳಿಗೆ ಒಂದರಂತೆ 50, ಪ್ರತಿ ಲಾಟ್‌ನ ಬಿಡ್‌ಗಳಿಗೆ 200, ಪ್ರತಿ ಬಿಡ್‌ನ ಖರೀದಿದಾರನ ಹೆಸರಿಗೆ 600. ಒಟ್ಟು 851. ಬೇಕಾಗಿರುವುದು ಮೂರು. ಒಬ್ಬನನ್ನೇ ಸೂಚಿಸುವ ಫಾರಿನ್ ಕೀಗೆ, ಅಂದರೆ ಬಿಡ್‌ನಿಂದ ಖರೀದಿದಾರನಿಗೆ, ಸೆಲೆಕ್ಟ್_ರಿಲೇಟೆಡ್. ಅದು ಜಾಯಿನ್, ಆದರೆ ಸಾಲು ಹೆಚ್ಚಿಸದ ಜಾಯಿನ್. ಹಲವಕ್ಕೆ ಹೋಗುವ ಕಡೆ, ಅಂದರೆ ರೈತನಿಂದ ಲಾಟ್‌ಗಳಿಗೆ, ಪ್ರಿಫೆಚ್_ರಿಲೇಟೆಡ್. ಅದು ಬೇರೆ ಕ್ವೆರಿ ಮಾಡಿ ಪೈಥಾನ್‌ನಲ್ಲಿ ಜೋಡಿಸುತ್ತದೆ.

ಲಾಟ್_ಕ್ವೆರಿ = ಲಾಟ್.ಆಬ್ಜೆಕ್ಟ್ಸ್.ಫಿಲ್ಟರ್(ತಳಿ='ಕಡ್ಡಿ').ಪ್ರಿಫೆಚ್_ರಿಲೇಟೆಡ್(ಪ್ರಿಫೆಚ್('ಬಿಡ್ಸ್', ಕ್ವೆರಿಸೆಟ್=ಬಿಡ್.ಆಬ್ಜೆಕ್ಟ್ಸ್.ಸೆಲೆಕ್ಟ್_ರಿಲೇಟೆಡ್('ಖರೀದಿದಾರ')))

ರೈತ.ಆಬ್ಜೆಕ್ಟ್ಸ್.ಪ್ರಿಫೆಚ್_ರಿಲೇಟೆಡ್(ಪ್ರಿಫೆಚ್('ಲಾಟ್ಸ್', ಕ್ವೆರಿಸೆಟ್=ಲಾಟ್_ಕ್ವೆರಿ, ಟು_ಆಟ್ರ್='ಕಡ್ಡಿ_ಲಾಟ್ಸ್'))

ಟು_ಆಟ್ರ್ ಕೊಡುವುದನ್ನು ನಾನು ಒತ್ತಿ ಹೇಳುತ್ತೇನೆ. ಕೊಡದಿದ್ದರೆ ರೈತ.ಲಾಟ್ಸ್.ಆಲ್() ಎಂದು ಕೇಳಿದಾಗ ಬರೀ ಕಡ್ಡಿ ಬರುತ್ತದೆ, ಮತ್ತು ಆರು ತಿಂಗಳ ನಂತರ ಆ ಕೋಡ್ ಓದುವವರು ಅದನ್ನೇ ‘ಎಲ್ಲ ಲಾಟ್’ ಎಂದು ನಂಬುತ್ತಾರೆ. ಹೆಸರು ಬೇರೆ ಇದ್ದರೆ ಆ ಗೊಂದಲ ಹುಟ್ಟುವುದೇ ಇಲ್ಲ.

ಪ್ರಿಫೆಚ್ ಬರೆದೂ ಕ್ವೆರಿ ಇಳಿಯದಿದ್ದರೆ ಸೀರಿಯಲೈಸರ್‌ನ ಮೆಥಡ್ ಫೀಲ್ಡ್‌ಗಳನ್ನು ನೋಡಿ. ಅಲ್ಲಿ ಎಲ್ಲೋ ಲಾಟ್.ಬಿಡ್ಸ್.ಫಿಲ್ಟರ್(...) ಅಥವಾ ಆರ್ಡರ್_ಬೈ ಇರುತ್ತದೆ. ತಂದಿಟ್ಟ ಸಾಲುಗಳ ಮೇಲೆ ಫಿಲ್ಟರ್ ಕೇಳಿದರೆ ಜಾಂಗೊ ಅವನ್ನು ಬದಿಗಿಟ್ಟು ಮತ್ತೆ ಡೇಟಾಬೇಸ್‌ಗೆ ಹೋಗುತ್ತದೆ. ಲಾಟ್‌ನ ಅತಿ ಹೆಚ್ಚಿನ ದರವಷ್ಟೇ ಸಾಕಾದರೆ ಬಿಡ್‌ಗಳನ್ನೆಲ್ಲ ತರುವುದೇ ಬೇಡ. ದರದ ಇಳಿಕೆ ಕ್ರಮದಲ್ಲಿ ಜೋಡಿಸಿ ಮೊದಲನೆಯದನ್ನು ಮಾತ್ರ ಕತ್ತರಿಸಿದ ಸಬ್‌ಕ್ವೆರಿ ಸಾಕು. ಇಬ್ಬರು ಒಂದೇ ದರ ಬರೆದಾಗ ಯಾರದು ಮೊದಲು ಎನ್ನುವುದನ್ನು ಮಾರುಕಟ್ಟೆಯ ನಿಯಮ ಕೇಳಿಕೊಂಡು ಆರ್ಡರ್‌ನಲ್ಲಿ ಬರೆಯಿರಿ, ಡೇಟಾಬೇಸ್‌ನ ಮರ್ಜಿಗೆ ಬಿಡಬೇಡಿ.

ಕ್ವೆರಿಗಳನ್ನು ಎಣಿಸುವಾಗ ರೆಸ್ಟ್ ಫ್ರೇಮ್‌ವರ್ಕ್‌ನ ಬ್ರೌಸರ್ ಪುಟದಲ್ಲಿ ಎಣಿಸಬೇಡಿ. ಆ ಪುಟ ಕೆಳಗಿನ ಫಾರ್ಮ್‌ನ ಡ್ರಾಪ್‌ಡೌನ್ ತುಂಬಲು ತನ್ನದೇ ಕ್ವೆರಿಗಳನ್ನು ಮಾಡುತ್ತದೆ. ಜೇಸನ್ ಉತ್ತರವನ್ನೇ ಟೆಸ್ಟ್‌ನಲ್ಲಿ ಕೇಳಿ, ಅಸರ್ಟ್‌ನಮ್‌ಕ್ವೆರೀಸ್‌ನಿಂದ ಎಣಿಸಿ. ಒಬ್ಬ ರೈತ ಇದ್ದಾಗಲೂ ಹತ್ತು ರೈತರಿದ್ದಾಗಲೂ ಎಣಿಕೆ ಒಂದೇ ಇರಬೇಕು.

ಇನ್ನು ನನಗೆ ನಿಜಕ್ಕೂ ಆತಂಕ ತಂದ ವಿಷಯ. ಮೂರು ಅಂಗಡಿಗಳು ಒಂದೇ ಡೇಟಾಬೇಸ್‌ನಲ್ಲಿವೆ. ಒಬ್ಬ ರೈತ ಸೋಮವಾರ ಒಂದು ಅಂಗಡಿಗೆ, ಗುರುವಾರ ಇನ್ನೊಂದಕ್ಕೆ ಮಾಲು ಇಳಿಸಬಹುದು. ನೀವು ಗೆಟ್_ಕ್ವೆರಿಸೆಟ್‌ನಲ್ಲಿ ರೈತರನ್ನು ಅಂಗಡಿಯ ಪ್ರಕಾರ ಸೋಸಿರುತ್ತೀರಿ, ಆದರೆ ಆ ರೈತನ ಕೆಳಗೆ ನೆಸ್ಟ್ ಆಗಿ ಬರುವ ಲಾಟ್‌ಗಳನ್ನು ಸೋಸಿದ್ದೀರಾ? ಇಲ್ಲದಿದ್ದರೆ ಒಬ್ಬ ದಲಾಲರ ದರ ಇನ್ನೊಬ್ಬರ ಮೊಬೈಲ್‌ನಲ್ಲಿ ತೆರೆದುಕೊಳ್ಳುತ್ತದೆ. ಸೋಸುವ ಷರತ್ತು ಪ್ರತಿ ಹಂತದಲ್ಲೂ ಇರಬೇಕು: ರೈತನ ಎಕ್ಸಿಸ್ಟ್ಸ್‌ನಲ್ಲಿ, ಲಾಟ್‌ನ ಪ್ರಿಫೆಚ್‌ನಲ್ಲಿ, ತೂಕದ ಸಬ್‌ಕ್ವೆರಿಯಲ್ಲಿ. ಬರೆಯುವ ಕಡೆಯೂ ಹಾಗೆಯೇ. ಪ್ರೈಮರಿಕೀ ರಿಲೇಟೆಡ್ ಫೀಲ್ಡ್‌ಗೆ ಲಾಟ್.ಆಬ್ಜೆಕ್ಟ್ಸ್.ಆಲ್() ಕೊಟ್ಟಿದ್ದರೆ, ಬೇರೆ ಅಂಗಡಿಯ ಲಾಟ್‌ನ ನಂಬರ್ ಕಳಿಸಿ ಅದಕ್ಕೆ ಬಿಡ್ ಸೇರಿಸಬಹುದು. ಸೀರಿಯಲೈಸರ್ ಅದನ್ನು ಸರಿಯೆಂದೇ ಒಪ್ಪುತ್ತದೆ. ಲಾಗಿನ್ ಆದವರ ಅಂಗಡಿಯ ಲಾಟ್‌ಗಳನ್ನಷ್ಟೇ ಆ ಫೀಲ್ಡ್‌ಗೆ ಕೊಡಿ.

ಮುಂದೆ ಪೈಥಾನ್‌ನ ಬೇರೆ ಸಾಧನಗಳಾದ ಫಾಸ್ಟ್‌ಎಪಿಐ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿಗೆ ಹೋದರೂ ವಿಷಯ ಇದೇ. ಪ್ರಿಫೆಚ್ ಬದಲು ಸೆಲೆಕ್ಟ್‌ಇನ್‌ಲೋಡ್, ಸೆಲೆಕ್ಟ್_ರಿಲೇಟೆಡ್ ಬದಲು ಜಾಯಿನ್ಡ್‌ಲೋಡ್. ಅಲ್ಲಿ ಒಂದು ಅನುಕೂಲ ಹೆಚ್ಚು: ಸಂಬಂಧಕ್ಕೆ ಲೇಜಿ='ರೈಸ್' ಎಂದು ಬರೆದರೆ, ಮೊದಲೇ ತರದ ಸಂಬಂಧವನ್ನು ಮುಟ್ಟಿದಾಗ ಗುಟ್ಟಾಗಿ ಕ್ವೆರಿ ಮಾಡುವ ಬದಲು ಎರರ್ ಕೊಡುತ್ತದೆ. ಜಾಂಗೊ ಫಾರಿನ್ ಕೀಗೆ ತಾನೇ ಇಂಡೆಕ್ಸ್ (ಹುಡುಕಾಟ ಬೇಗ ಮಾಡುವ ಸೂಚಿ) ಹಾಕುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ತಾನಾಗಿ ಹಾಕುವುದಿಲ್ಲ, ಹಾಗಾಗಿ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ನೀವೇ ಹೇಳಬೇಕು.

ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಿದ್ದದ್ದಕ್ಕೆ ಕಾರಣ ನಿಮ್ಮ ಟೆಸ್ಟ್ ಡೇಟಾ. ಒಬ್ಬ ರೈತ, ಒಂದು ಲಾಟ್, ಒಂದು ಬಿಡ್ ಇದ್ದರೆ ಮೇಲೆ ಹೇಳಿದ ತಪ್ಪು ಕ್ವೆರಿಗಳೆಲ್ಲ ಸರಿಯುತ್ತರವನ್ನೇ ಕೊಡುತ್ತವೆ. ಟೆಸ್ಟ್‌ಗೆ ಇಂಥ ರೈತರನ್ನು ಸೃಷ್ಟಿಸಿ: ಒಂದೇ ತೂಕದ ಎರಡು ಲಾಟ್, ಪ್ರತಿಯೊಂದಕ್ಕೂ ಹಲವು ಬಿಡ್ ಇರುವವನು, ಡಬ್ಬಿಗೆ ಹೆಚ್ಚು, ಕಡ್ಡಿಗೆ ಕಡಿಮೆ ದರ ಬಂದವನು, ಎರಡು ಅಂಗಡಿಗಳಿಗೆ ಮಾಲು ಹಾಕಿದವನು, ಲಾಟ್‌ಗೆ ಬಿಡ್ಡೇ ಬರದವನು, ಲಾಟೇ ಇಲ್ಲದವನು. ಈ ಐವರ ಮುಂದೆ ತಪ್ಪು ಕ್ವೆರಿ ನಿಲ್ಲುವುದು ಕಷ್ಟ.

ಕೆಲಸದ ಕ್ರಮ ಹೇಳಬೇಕೆಂದರೆ, ಅಂಗಡಿಗಳ ಸೋಸುವಿಕೆ ಮತ್ತು ತೂಕದ ಮೊತ್ತವನ್ನು ಮುಂದಿನ ಮಾರುಕಟ್ಟೆ ದಿನಕ್ಕೆ ಮೊದಲೇ ಸರಿಮಾಡಿ. ಫಿಲ್ಟರ್ ಆಮೇಲೆ, ವೇಗ ಕೊನೆಗೆ. ಈಗಾಗಲೇ ತೋರಿಸಿರುವ ತಪ್ಪು ಮೊತ್ತಗಳ ಬಗ್ಗೆ ಒಂದು ಸಮಾಧಾನವಿದೆ: ತಪ್ಪಿರುವುದು ಕೂಡುವುದರಲ್ಲಿ, ಲಾಟ್ ಟೇಬಲ್‌ನಲ್ಲಿ ಬರೆದ ತೂಕ ಹಾಗೆಯೇ ಇದೆ. ಹಳೆಯ ಕ್ವೆರಿ ಮತ್ತು ಹೊಸ ಸಬ್‌ಕ್ವೆರಿ ಎರಡನ್ನೂ ಪ್ರತಿ ರೈತನಿಗೆ ಓಡಿಸಿ, ವ್ಯತ್ಯಾಸ ಬಂದವರ ಪಟ್ಟಿ ತೆಗೆಯಿರಿ. ಮುಖ್ಯವಾಗಿ ಒಂದಕ್ಕಿಂತ ಹೆಚ್ಚು ಬಿಡ್ ಬಂದ ಲಾಟ್ ಇರುವ ರೈತರು ಅದರಲ್ಲಿರುತ್ತಾರೆ. ಆ ಪಟ್ಟಿಯನ್ನು ಮೂರೂ ಅಂಗಡಿಗಳ ಮಾಲೀಕರ ಕೈಗೆ ಬೇರೆ ಬೇರೆಯಾಗಿ ಕೊಡಿ, ಅವರವರ ರೈತರದು ಮಾತ್ರ, ತೂಕದ ಪುಸ್ತಕದೊಂದಿಗೆ ತಾಳೆ ನೋಡಿಕೊಳ್ಳಲಿ.